ನಮ್ಮ ಹಳ್ಳಿ, ಮಲಯಾಳಿಗಳ ಪಳ್ಳಿ: ಎರಡೂ ಒಂದೇ ಪದವಾ?

ಪ್ರಶ್ನೆ:
ನನ್ನ ಜೊತೆ ಕೆಲಸ ಮಾಡುವ ಮಲಯಾಳಿ ಗೆಳೆಯನಿಗೆ ‘ಪಳ್ಳಿ’ ಅಂದರೆ ಚರ್ಚ್. ಪಕ್ಕದ ಸೀಟಿನ ತಮಿಳು ಹುಡುಗಿಗೆ ‘ಪಳ್ಳಿ’ ಅಂದರೆ ಸ್ಕೂಲು. ತೆಲುಗಿನವರ ‘ಪಲ್ಲೆ’ ಮಾತ್ರ ನಮ್ಮ ಹಳ್ಳಿಯ ಹಾಗೇ ಇದೆ. ಇವೆಲ್ಲ ಒಂದೇ ಬೇರಿನವಾ, ಅಥವಾ ಸುಮ್ನೆ ಕಿವಿಗೆ ಹಾಗೆ ಕೇಳುತ್ತವಾ?

ಉತ್ತರ 1:
ಒಂದೇ ಬೇರು, ಅನುಮಾನ ಬೇಡ. ಹಳಗನ್ನಡದಲ್ಲಿ ನಮ್ಮದೂ ‘ಪಳ್ಳಿ’ಯೇ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಅದೇ ದಾರಿಯಲ್ಲಿ ಪಳ್ಳಿ ಹಳ್ಳಿಯಾಯಿತು.

ಮಜಾ ಇರುವುದು ತಮಿಳಿನಲ್ಲಿ. ಅಲ್ಲಿ ಪಳ್ಳಿಗೆ ಊರು ಅನ್ನುವ ಅರ್ಥದ ಜೊತೆಗೆ ಮಲಗುವ ಜಾಗ ಅಂತಲೂ ಇದೆ. ದೇವಸ್ಥಾನದಲ್ಲಿ ರಾತ್ರಿ ದೇವರನ್ನು ಮಲಗಿಸುವ ಕೋಣೆ ‘ಪಳ್ಳಿಯರೈ’. ಜೈನ, ಬೌದ್ಧ ಸನ್ಯಾಸಿಗಳು ಉಳಿಯುತ್ತಿದ್ದ ಜಾಗಕ್ಕೂ ಪಳ್ಳಿ ಅಂತಲೇ ಹೆಸರು. ಮದುರೈ ಹತ್ತಿರದ ಮಾಂಗುಳಂ ಗುಹೆಗಳ ತಮಿಳು ಬ್ರಾಹ್ಮಿ ಶಾಸನಗಳಲ್ಲೇ ಈ ಪದ ಸಿಗುತ್ತದೆ. ಆ ಸನ್ಯಾಸಿಗಳು ಪಾಠ ಹೇಳಿಕೊಡುತ್ತಿದ್ದರು, ಹಾಗಾಗಿ ‘ಪಳ್ಳಿಕ್ಕೂಡಂ’ ಶಾಲೆಯಾಯಿತು ಅನ್ನುವುದು ಎಲ್ಲರೂ ಕೊಡುವ ವಿವರಣೆ. ನನಗೂ ಅದು ಒಪ್ಪುತ್ತದೆ.

ಕೇರಳದಲ್ಲಿ ಚರ್ಚ್ ಅಷ್ಟೇ ಅಲ್ಲ, ಮಸೀದಿಯೂ ಪಳ್ಳಿಯೇ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ ‘ಜೂತಪ್ಪಳ್ಳಿ’ ಅನ್ನುತ್ತಾರೆ. ಹಿಂದೂ ದೇವಸ್ಥಾನಕ್ಕೆ ಮಾತ್ರ ಈಗ ಆ ಪದ ಬಳಸುವುದಿಲ್ಲ, ಅದು ‘ಅಂಬಲಂ’. ಒಂದು ಧರ್ಮದವರ ಜಾಗದ ಹೆಸರು ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ಹೀಗೆ ಸಲೀಸಾಗಿ ದಾಟಿಕೊಂಡಿದ್ದು ನನಗಂತೂ ಬಹಳ ಇಷ್ಟ.

ಉತ್ತರ 2:
ಇದಕ್ಕಿಂತ ವಿಚಿತ್ರದ್ದು ‘ನಾತ’. ಹಳೆಯ ತಮಿಳಿನಲ್ಲಿ ‘ನಾಟ್ರಂ’ ಅಂದರೆ ಪರಿಮಳ. ಇವತ್ತು ಯಾರಿಗಾದರೂ ‘ನಿಮ್ಮ ಹತ್ತಿರ ನಾಟ್ರಂ ಬರ್ತಿದೆ’ ಅಂದರೆ ಜಗಳವೇ! ಕನ್ನಡದ ನಾರು, ನಾತ ಕೂಡ ಕೆಟ್ಟ ವಾಸನೆಗೇ ಇಳಿದಿವೆ. ಆದರೆ ‘ನರುಗಂಪು’ ಅನ್ನುವಾಗ ಹಳೆಯ ಒಳ್ಳೆ ಅರ್ಥ ಉಳಿದುಕೊಂಡಿದೆ ನೋಡಿ.

ಪ್ರಶ್ನೆ ಕೇಳಿದವರು:
ನಾತದ್ದು ಗೊತ್ತೇ ಇರಲಿಲ್ಲ! ಇನ್ನೊಂದು. ಗೆಳೆಯ ಮೊನ್ನೆ ಗೋಡೆ ತೋರಿಸಿ ‘ಪಲ್ಲಿ, ಪಲ್ಲಿ’ ಅಂದ. ಅದೂ ಇದರ ನೆಂಟನಾ?

ಉತ್ತರ 1:
ಅಲ್ಲ ಮಾರಾಯ್ರೇ, ಅದು ಲ, ಇದು ಳ. ಪಲ್ಲಿ ಅಂದರೆ ನಮ್ಮ ಹಲ್ಲಿ. ಅಲ್ಲೂ ಪ ಹೋಗಿ ಹ ಬಂದಿದೆ, ಅಷ್ಟೇ.