ಎಂಎಲ್‌ವಿ ತಾಣಗಳು ಜೀನ್‌ಗಳ ಆರಂಭಬಿಂದುವಿನ ಬಳಿ ಏಕೆ ಕಾಣುತ್ತಿಲ್ಲ?

ಪ್ರಶ್ನೆ, ಕಾರವಾರದಿಂದ:
ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಎಚ್‌ಐವಿ ಮತ್ತು ಇಲಿಗಳ ರೆಟ್ರೊವೈರಸ್ (ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿ ಅದನ್ನು ಆತಿಥೇಯ ಕೋಶದ ಡಿಎನ್‌ಎಗೆ ಸೇರಿಸುವ ವೈರಸ್) ಆದ ಎಂಎಲ್‌ವಿ ಮಾನವ ಡಿಎನ್‌ಎಯಲ್ಲಿ ಸೇರಿಕೊಂಡ ತಾಣಗಳ ಹಳೆಯ ಪಟ್ಟಿಗಳನ್ನು ಮಾನವ ಜಿನೋಮಿನ ಉಲ್ಲೇಖ ಆವೃತ್ತಿಯಾದ ಜಿಆರ್‌ಸಿಎಚ್38ರ ಜೀನ್ ಪಟ್ಟಿಯೊಂದಿಗೆ ಹೋಲಿಸುತ್ತಿದ್ದೇನೆ. ಎರಡೂ ಜೀನ್‌ಗಳು ದಟ್ಟವಾಗಿರುವ ಪ್ರದೇಶಗಳಲ್ಲೇ ಹೆಚ್ಚಾಗಿವೆ. ಆದರೆ ಎಂಎಲ್‌ವಿ ಜೀನ್‌ಗಳ ಆರಂಭಬಿಂದುವಿನ (ಪ್ರತಿಲೇಖನ, ಅಂದರೆ ಜೀನಿನ ಆರ್‌ಎನ್‌ಎ ಪ್ರತಿ ಮಾಡುವ ಕೆಲಸ, ಶುರುವಾಗುವ ಜಾಗದ) ಸುತ್ತ ಗುಂಪುಗೂಡುತ್ತದೆಂಬ 2003ರ ಫಲಿತಾಂಶ ನನಗೆ ಸಿಗುತ್ತಿಲ್ಲ.

ಉತ್ತರ, ಶಿರಸಿಯಿಂದ:
ವಿಶಾಲ ಪ್ರದೇಶದ ಒಲವು ಉಳಿದು, ಕೆಲವೇ ಸಾವಿರ ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಒಳಗಿನ ಒಲವು ಮಾತ್ರ ಅಳಿಸಿಹೋಗಿದ್ದರೆ, ಅನುಮಾನಿಸಬೇಕಾದದ್ದು ವೈರಸ್ಸನ್ನಲ್ಲ, ನಿರ್ದೇಶಾಂಕಗಳನ್ನು, ಅಂದರೆ ತಾಣದ ಸ್ಥಾನ ಹೇಳುವ ಸಂಖ್ಯೆಗಳನ್ನು. ಆ ಪಟ್ಟಿಗಳು ಜಿನೋಮಿನ ಹಿಂದಿನ ಆವೃತ್ತಿಯವು. ಹೊಸ ಆವೃತ್ತಿಯಲ್ಲಿ ಅದೇ ಸಂಖ್ಯೆ ಬಹು ದೂರದ ಬೇಸನ್ನು ಸೂಚಿಸಬಹುದು. ಅಷ್ಟು ಸರಿದರೂ ತಾಣವು ಜೀನ್-ದಟ್ಟ ಪ್ರದೇಶದಲ್ಲೇ ಉಳಿಯಬಹುದು, ಆರಂಭಬಿಂದುವಿನ ಬಳಿಯಂತೂ ಉಳಿಯುವುದಿಲ್ಲ.

ಎಂಎಲ್‌ವಿಯ ಒಲವು ನಿಜವಾದದ್ದು. ವೈರಸ್ ಡಿಎನ್‌ಎಯನ್ನು ಆತಿಥೇಯ ಡಿಎನ್‌ಎಗೆ ಸೇರಿಸುವ ಅದರ ಇಂಟಿಗ್ರೇಸ್ ಕಿಣ್ವವು ಆತಿಥೇಯ ಕೋಶದ ಬಿಆರ್‌ಡಿ2, ಬಿಆರ್‌ಡಿ3, ಬಿಆರ್‌ಡಿ4 ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ; ಅವು ಪ್ರೊಮೋಟರ್ (ಜೀನಿನ ಆರಂಭದಲ್ಲಿರುವ ನಿಯಂತ್ರಕ ಭಾಗ) ಮತ್ತು ಎನ್‌ಹಾನ್ಸರ್‌ಗಳ (ಜೀನಿನ ಚಟುವಟಿಕೆ ಹೆಚ್ಚಿಸುವ ಭಾಗಗಳ) ಬಳಿ ಡಿಎನ್‌ಎ ಸುತ್ತಿಕೊಂಡಿರುವ, ಅಸಿಟೈಲ್ ಗುಂಪು ಸೇರಿದ ಹಿಸ್ಟೋನ್ ಪ್ರೋಟೀನ್‌ಗಳನ್ನು ಹಿಡಿದಿರುತ್ತವೆ. ಎಚ್‌ಐವಿಯ ಇಂಟಿಗ್ರೇಸ್‌ಗೆ ಆಸರೆಯಾಗುವ ಎಲ್‌ಇಡಿಜಿಎಫ್ ಪ್ರೋಟೀನ್, ಪ್ರತಿಲೇಖನ ನಡೆಯುತ್ತಿರುವ ಜೀನಿನ ಒಡಲಿಗೆ ಅದನ್ನು ಒಯ್ಯುತ್ತದೆ. ಆದ್ದರಿಂದಲೇ 2002ರ ಅಧ್ಯಯನದಲ್ಲಿ ಎಚ್‌ಐವಿ ತಾಣಗಳಲ್ಲಿ ಶೇ. 69ರಷ್ಟು ಜೀನ್‌ಗಳೊಳಗೇ ಇದ್ದವು.

ಒಂದೇ ತಾಣವನ್ನು ತೆಗೆದುಕೊಂಡು ಪರೀಕ್ಷಿಸಿ. ವೈರಸ್ ಡಿಎನ್‌ಎ ತುದಿಯ ಸಿಎ ಅಕ್ಷರಗಳು ಮುಗಿದ ಕೂಡಲೇ ಆರಂಭವಾಗುವ ಮಾನವ ಅನುಕ್ರಮವನ್ನು ಅನುಕ್ರಮವು ಜಿನೋಮಿನಲ್ಲಿ ಎಲ್ಲಿದೆಯೆಂದು ತೋರಿಸುವ ಬ್ಲ್ಯಾಟ್ ತಂತ್ರಾಂಶದಲ್ಲಿ ಹುಡುಕಿ, ಬಂದ ಸ್ಥಾನವನ್ನು ಪಟ್ಟಿಯ ಸಂಖ್ಯೆಗೆ ಹೋಲಿಸಿ. ವ್ಯತ್ಯಾಸ ಕಂಡರೆ ಇಡೀ ಪಟ್ಟಿಯನ್ನು ಹಳೆಯ ಆವೃತ್ತಿಯ ಸ್ಥಾನಗಳನ್ನು ಹೊಸದಕ್ಕೆ ಬದಲಿಸುವ ಲಿಫ್ಟ್‌ಓವರ್ ತಂತ್ರಾಂಶದ ಮೂಲಕ ಪರಿವರ್ತಿಸಿ. ತಾಣಗಳನ್ನು ಡಿಎನ್‌ಎಯಲ್ಲಿ ಟಿಟಿಎಎ ಎಂಬ ಅಕ್ಷರಸರಣಿ ಇರುವಲ್ಲಿ ಕತ್ತರಿಸುವ ಎಂಎಸ್‌ಇ-1 ಕಿಣ್ವದಿಂದ ಪತ್ತೆಹಚ್ಚಿದ್ದರೆ, ಹೋಲಿಕೆಯ ಯಾದೃಚ್ಛಿಕ ತಾಣಗಳೂ ಟಿಟಿಎಎಯಿಂದ ಅಷ್ಟೇ ದೂರದಲ್ಲಿರಬೇಕು. ಇದನ್ನು ಬಿಟ್ಟರೆ ಕಿಣ್ವದ ಒಲವನ್ನೇ ವೈರಸ್ಸಿನದೆಂದು ಓದುವ ಅಪಾಯವಿದೆ.

ಸಿದ್ದಾಪುರದಿಂದ:
ನಮ್ಮ ಕಡೆಯ ಮಂಗನ ಕಾಯಿಲೆಯ ವೈರಸ್ಸೂ ಆರ್‌ಎನ್‌ಎ ವೈರಸ್ಸೇ. ಅದೂ ಹೀಗೆ ಡಿಎನ್‌ಎಗೆ ಸೇರುತ್ತದೆಯೇ?

ಉತ್ತರ, ಶಿರಸಿಯಿಂದ:
ಇಲ್ಲ. ಅದು ಫ್ಲೇವಿವೈರಸ್, ಅದರಲ್ಲಿ ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವಾಗಲಿ ಇಂಟಿಗ್ರೇಸ್ ಆಗಲಿ ಇಲ್ಲ. ಕೋಶದ್ರವ್ಯದಲ್ಲೇ ತನ್ನ ಆರ್‌ಎನ್‌ಎಯ ಪ್ರತಿಗಳನ್ನು ಮಾಡಿಕೊಳ್ಳುತ್ತದೆ.

ಕಾರವಾರದಿಂದ:
ಬ್ಲ್ಯಾಟ್ ಕೊಟ್ಟ ಸ್ಥಾನ ಬೇರೆಯೇ ಇತ್ತು. ಪರಿವರ್ತಿಸಿದ ಮೇಲೆ ಎಂಎಲ್‌ವಿಯ ಶಿಖರ ಆರಂಭಬಿಂದುವಿನ ಮೇಲೆಯೇ ಕಾಣುತ್ತಿದೆ. ಕೆಲವು ತಾಣಗಳು ಮಾತ್ರ ಪರಿವರ್ತನೆಯಾಗಲಿಲ್ಲ.

ಉತ್ತರ, ಶಿರಸಿಯಿಂದ:
ಅವನ್ನು ಕೈಬಿಡಿ, ಆದರೆ ಎಷ್ಟು ಕೈಬಿಟ್ಟಿರೆಂಬುದನ್ನು ವರದಿಯಲ್ಲಿ ತಪ್ಪದೆ ನಮೂದಿಸಿ.