‘ಕಾನ್ವೆಂಟ್’ ಅಂದರೆ ಶಾಲೆ ಮಾತ್ರವಾ? ದೊಡ್ಡಮ್ಮ ಇದ್ದ ಮನೆಗೆ ಏನನ್ನಲಿ?

ಕನಕಪುರದವಳು:
ಹೋದ ತಿಂಗಳು ನಮ್ಮ ದೊಡ್ಡಮ್ಮ ತೀರಿಕೊಂಡರು. ಹತ್ತೊಂಬತ್ತಕ್ಕೇ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ, ಆಗಲು ಹೋದವರು. ಬರುವ ಭಾನುವಾರ ತಿಂಗಳ ಪೂಜೆ. ಅವತ್ತು ಹಂಚುವ ಕಾರ್ಡಿಗೆ ‘46 ವರ್ಷ ಕಾನ್ವೆಂಟಿನಲ್ಲಿ ಸೇವೆ ಸಲ್ಲಿಸಿದರು’ ಅಂತ ಬರೆದು ಪಕ್ಕದ ಮನೆಯವರಿಗೆ ತೋರಿಸಿದೆ. ‘ಯಾವ ಸಬ್ಜೆಕ್ಟ್ ಹೇಳಿಕೊಡ್ತಿದ್ರು?’ ಅಂದರು.

ದೊಡ್ಡಮ್ಮ ಒಂದು ದಿನವೂ ಪಾಠ ಹೇಳಿದವರಲ್ಲ. ಬಲಿಪೂಜೆಯ (ಚರ್ಚಿನ ಮಾಸ್‌ನ) ರೊಟ್ಟಿ ಮಾಡುವುದು ಅವರ ಕೆಲಸ. ಗೋಧಿ ಹಿಟ್ಟು, ನೀರು, ಅಷ್ಟೇ, ಉಪ್ಪೂ ಇಲ್ಲ. ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಹುಯ್ದು ಒತ್ತಿದರೆ ಕಾಗದದ ಹಾಗೆ ತೆಳ್ಳಗೆ ಬರುತ್ತಿತ್ತು. ಬಿಲ್ಲೆ ಕತ್ತರಿಸಿ ಉಳಿದ ಅಂಚಿನ ಚೂರುಗಳನ್ನು ಡಬ್ಬಿಯಲ್ಲಿಟ್ಟು, ನಾವು ನೋಡಲು ಹೋದಾಗ ಕೊಡೋರು. ನಾಲಿಗೆ ಮೇಲಿಟ್ಟರೆ ಕರಗಿಹೋಗೋದು.

ಹಾಗಾದರೆ ಅವರಿದ್ದ ಮನೆಗೆ ಕನ್ನಡದಲ್ಲಿ ಯಾವ ಪದ? ಕನ್ಯಾಮಠ ಅನ್ನಬಹುದು, ಆದರೆ ನಮ್ಮ ಕಡೆ ಮಠ ಅಂದರೆ ಸ್ವಾಮೀಜಿಗಳೇ ಕಣ್ಮುಂದೆ ಬರುತ್ತಾರೆ.

ಕಡಲೂರಿನವ:
ಅಕ್ಕಾ, ದೊಡ್ಡಮ್ಮನ ಆತ್ಮಕ್ಕೆ ಶಾಂತಿ ಸಿಗಲಿ. ನಮ್ಮ ಮಂಗಳೂರಿನ ಕೊಂಕಣಿಯಲ್ಲಿ ಈ ಗೊಂದಲ ಕಡಿಮೆ. ಕೊವೆಂತ್ ಅಂದರೆ ಮಾದ್ರಿಗಳು (ಸಿಸ್ಟರುಗಳು) ಇರುವ ಮನೆ. ಎರಡೂ ಪೋರ್ಚುಗೀಸರಿಂದ ಬಂದ ಮಾತು. ಮೂಲ ಲ್ಯಾಟಿನ್ನಿನ ‘ಕೊನ್ವೆಂತುಸ್’, ಅಂದರೆ ಒಂದೆಡೆ ಕೂಡಿ ಬಂದವರು. ಆ ಪದದಲ್ಲಿ ಮೊದಲಿಗೆ ಕಟ್ಟಡವೇ ಇಲ್ಲ, ಜನ ಇದ್ದಾರೆ. ಶಾಲೆಯಂತೂ ಬಹಳ ಈಚಿನದು.

ಶಾಲೆ ಹೇಗೆ ಅಂಟಿಕೊಂಡಿತು ಅನ್ನೋದಕ್ಕೆ ನಮ್ಮೂರೇ ಉದಾಹರಣೆ. 1870ರ ನವೆಂಬರಿನಲ್ಲಿ ಫ್ರಾನ್ಸಿನಿಂದ ಕಾರ್ಮೆಲ್ ಎಂಬ ಸನ್ಯಾಸಿ ಸಭೆಯ ಎರಡು ಬಗೆಯ ಸಿಸ್ಟರುಗಳು ಇಲ್ಲಿಗೆ ಬಂದರು. ಒಂದು ಬಗೆಯವರು ಗೋಡೆಯೊಳಗೇ ಉಳಿದು ಪ್ರಾರ್ಥನೆ ಮಾಡುವವರು. 2015ರಲ್ಲಿ ಸಂತ ಪದವಿ ಪಡೆದ ಮರಿಯಂ ಬವಾರ್ದಿ ಅವರಲ್ಲೊಬ್ಬರು, ವ್ರತ ತೊಟ್ಟದ್ದು ಮಂಗಳೂರಿನಲ್ಲೇ. ಇನ್ನೊಂದು ಬಗೆಯವರು ಅಪೋಸ್ತಲಿಕ್ ಕಾರ್ಮೆಲಿನವರು, ಹೆಣ್ಣುಮಕ್ಕಳಿಗೆ ಓದು ಕಲಿಸಲು ಬಂದವರು. ಸಿಸ್ಟರುಗಳ ಮನೆ, ಶಾಲೆ ಒಂದೇ ಕಾಂಪೌಂಡಿನಲ್ಲಿ. ಮಗು ‘ಕಾನ್ವೆಂಟಿಗೆ ಹೋಗ್ತದೆ’ ಅಂದಾಗ ಶಾಲೆಯೇ ಕಾನ್ವೆಂಟಾಯಿತು. ಈಗ ಒಬ್ಬ ಸಿಸ್ಟರೂ ಇಲ್ಲದ ಇಂಗ್ಲಿಷ್ ಮೀಡಿಯಮ್ಮಿಗೂ ಅದೇ ಹೆಸರು.

ಹಳೆಗನ್ನಡದ ಹುಚ್ಚ:
ಮಠ ಅನ್ನಲು ಹಿಂಜರಿಯಬೇಡಿ. ವಿರಕ್ತರು ಇರುವ ಮನೆ ಮಠ, ಅದು ಗಂಡಸರ ಸ್ವತ್ತಲ್ಲ. ‘ಕನ್ಯಾ’ ಅನ್ನೋದೇ ನನಗೆ ಸ್ವಲ್ಪ ತೊಡಕು: ಸಂತ ರೀಟಾ ಗಂಡ ಸತ್ತ ಮೇಲೆ ಮಠ ಸೇರಿದವರಲ್ಲವೇ? ಆದರೂ ರೂಢಿಗೆ ಬಂದ ಪದ, ಇರಲಿ.

ಇನ್ನೊಂದು ಮಾತು. ಶ್ರವಣಬೆಳಗೊಳದಲ್ಲಿ ಸುಮಾರು ಕ್ರಿ.ಶ. 700ರ ಒಂದು ಶಾಸನವಿದೆ. ಚಿತ್ತೂರಿನ ಮೌನಿಗುರುವಿನ ಶಿಷ್ಯೆ ನಾಗಮತಿ ಗಂತಿಯರ್ ಮೂರು ತಿಂಗಳು ನೋಂತು ಮುಡಿಪಿದರು, ಅಂದರೆ ವ್ರತ ಹಿಡಿದು ಪ್ರಾಣ ಬಿಟ್ಟರು, ಅಂತ ಅದರಲ್ಲಿದೆ. ಗಂತಿ ಅಥವಾ ಕಂತಿ ಅಂದರೆ ಜೈನ ಸನ್ಯಾಸಿನಿ. ಅವರು ಎಲ್ಲಿ ವಾಸವಿದ್ದರು ಅಂತ ಆ ಕಲ್ಲು ಹೇಳುವುದೇ ಇಲ್ಲ. ಯಾರ ಶಿಷ್ಯೆ, ಏನು ಮಾಡಿದರು, ಅಷ್ಟನ್ನೇ ಹೇಳುತ್ತದೆ. ನಿಮ್ಮ ಕಾರ್ಡಿನಲ್ಲೂ ಆ ರೊಟ್ಟಿಯ ಮಾತು ಬರಲಿ. ‘ಸೇವೆ ಸಲ್ಲಿಸಿದರು’ ಅಂದಿದ್ದಕ್ಕೇ ನೌಕರಿ ಅನ್ನಿಸಿದ್ದು.

ಕನಕಪುರದವಳು:
ಇಬ್ಬರಿಗೂ ಕೈಮುಗಿದೆ. ‘ಕೂಡಿ ಬಂದವರು’ ಅನ್ನೋದನ್ನ ಓದಿ ಅತ್ತುಬಿಟ್ಟೆ. ಪೆಟ್ಟಿಗೆಯ ಹತ್ತಿರ ಆವತ್ತು ರಾತ್ರಿಯಿಡೀ ಕೂತಿದ್ದವರು ಅವರ ಜೊತೆ ಬಾಳಿದ ಆ ಏಳು ಜನ ಸಿಸ್ಟರುಗಳೇ. ಈಗಷ್ಟೇ ಪ್ರೆಸ್ಸಿನವರಿಗೆ ಹೀಗೆ ಬರೆದು ಕಳಿಸಿದೆ: ‘46 ವರ್ಷ ಕನ್ಯಾಮಠದಲ್ಲಿ ಸೋದರಿಯರೊಡನೆ ಬಾಳಿದರು. ಬಲಿಪೂಜೆಗೆ ರೊಟ್ಟಿ ಮಾಡಿದರು.’