ಮಾರ್ಕರ್ ಇಲ್ದೆ ಮೋಷನ್ ಕ್ಯಾಪ್ಚರ್ ಮಾಡಿ ಗಾಯದ ರಿಸ್ಕ್ ಹೇಳಬಹುದಾ? ಬಳಸಿದವರು ಅನುಭವ ಹೇಳಿ

ಪ್ರಶ್ನೆ: ಜೂನಿಯರ್ ಹುಡುಗೀರ ವಾಲಿಬಾಲ್ ಟೀಮಿಗೆ ನಾನು ಫಿಸಿಯೋ. ನೆಗೆದು ಇಳಿಯೋವಾಗ ಕೆಲವರ ಮಂಡಿ ಒಳಕ್ಕೆ ವಾಲುತ್ತೆ, ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಒಂದು ಅಸ್ಥಿರಜ್ಜು) ಹರಿಯುತ್ತೇನೋ ಅಂತ ಭಯ. ಮೈಗೆಲ್ಲ ಮಾರ್ಕರ್ (ಕ್ಯಾಮೆರಾ ಗುರುತಿಸೋ ಪುಟ್ಟ ಗುಂಡುಗಳು) ಅಂಟಿಸಿ ಚಲನೆ ಅಳೆಯೋ ಲ್ಯಾಬ್ ನಮಗೆ ಎಟುಕಲ್ಲ, ಎರಡು ಐಫೋನ್ ಇದೆ. ಯಾರಿಗೆ ಗಾಯ ಆಗುತ್ತೆ ಅಂತ ಇದರಲ್ಲಿ ಗೊತ್ತಾಗುತ್ತಾ?

ಉತ್ತರ: ಎರಡು ಐಫೋನ್ ಇದ್ರೆ ಓಪನ್‌ಕ್ಯಾಪ್‌ನಿಂದಾನೇ ಶುರು ಮಾಡಿ ಮೇಡಂ, ಫೋನ್ ವಿಡಿಯೋದಿಂದ ಕೀಲುಗಳ ಚಲನೆ ಲೆಕ್ಕ ಹಾಕೋ ಸಾಫ್ಟ್‌ವೇರ್ ಅದು. ಸ್ಟ್ಯಾನ್‌ಫರ್ಡ್‌ನವರು ಮಾಡಿದ್ದು, ಪೇಪರ್ 2023ರಲ್ಲಿ ಬಂತು, ಅಕಾಡೆಮಿಕ್ ಸಂಶೋಧನೆಗೆ ಫ್ರೀ, ಬೇರೆ ಬಳಕೆಗೆ ಷರತ್ತು ಓದ್ಕೊಳ್ಳಿ. ಎರಡು ಟ್ರೈಪಾಡ್, ಒಂದು ಚೆಕರ್‌ಬೋರ್ಡ್ ಪ್ರಿಂಟ್ (ಕಪ್ಪು-ಬಿಳಿ ಚೌಕಗಳ ಹಾಳೆ, ಇದನ್ನ ನೋಡಿ ಸಾಫ್ಟ್‌ವೇರ್ ಅಳತೆ ಹೊಂದಿಸ್ಕೊಳ್ಳುತ್ತೆ, ಅದೇ ಕ್ಯಾಲಿಬ್ರೇಷನ್) ಇದ್ರೆ ಸಾಕು. ಆದ್ರೆ ಆ ಪ್ರಿಂಟ್ ಬಗ್ಗೆ ಹುಷಾರು, ಪೇಜಿಗೆ ಹೊಂದಿಸೋ ಆಪ್ಷನ್ ಆನ್ ಇದ್ರೆ ಪ್ರಿಂಟರ್ ಚೌಕಾನ ಕುಗ್ಗಿಸಿಬಿಡುತ್ತೆ, ನೀವು 35 ಮಿ.ಮೀ. ಅಂತ ಹಾಕಿರ್ತೀರಿ, ಕಾಗದದ ಮೇಲೆ ಇರೋದು 33, ಆಮೇಲೆ ಕಾಲಿನ ಉದ್ದ, ನೆಗೆದ ಎತ್ತರ ಎಲ್ಲಾ ಜಾಸ್ತಿ ಬರುತ್ತೆ. ಸ್ಕೇಲ್ ಇಟ್ಟು ಅಳೀರಿ, ಗಟ್ಟಿ ಬೋರ್ಡಿಗೆ ಸುಕ್ಕಿಲ್ದೆ ಅಂಟಿಸಿ. ಕ್ಯಾಲಿಬ್ರೇಷನ್ ಆದ್ಮೇಲೆ ಟ್ರೈಪಾಡಿಗೆ ಯಾರ ಕಾಲಾದ್ರೂ ತಾಗಿದ್ರೆ ಮತ್ತೆ ಮೊದಲಿಂದ ಮಾಡಿ, ಪರವಾಗಿಲ್ಲ ಬಿಡು ಅನ್ಬೇಡಿ.

ಇನ್ನೊಂದು ಉತ್ತರ: ಮೇಲಿನವರು ಹೇಳಿದ್ದು ಸರಿ, ಜೊತೆಗೆ ಫ್ರೇಮ್ ರೇಟ್ ನೋಡಿ. ಎಸಿಎಲ್ ಹರಿಯೋದು ಪಾದ ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡ್ ಒಳಗೆ ಅಂತ ನಿಜವಾದ ಗಾಯಗಳ ವಿಡಿಯೋ ವಿಶ್ಲೇಷಣೆಗಳು ಹೇಳುತ್ತವೆ, ಸೆಕೆಂಡಿಗೆ 30 ಫ್ರೇಮಲ್ಲಿ ತೆಗೆದ್ರೆ 33 ಮಿಲಿಸೆಕೆಂಡಿಗೊಂದು ಚಿತ್ರ, ಅಂದ್ರೆ ಮುಖ್ಯವಾದ ಕ್ಷಣದಲ್ಲಿ ನಿಮಗೆ ಸಿಗೋದು ಒಂದೋ ಎರಡೋ ಚಿತ್ರ, ಅದೂ ಮಸುಕಾಗಿರುತ್ತೆ. 120ಕ್ಕೆ ಇಡಿ, ಬೆಳಕು ಚೆನ್ನಾಗಿರ್ಲಿ. ದೊಗಲೆ ಪ್ಯಾಂಟ್ ಬೇಡ, ಸೊಂಟ ಎಲ್ಲಿದೆ ಅಂತ ಸಾಫ್ಟ್‌ವೇರ್ ಬಟ್ಟೆ ನೋಡಿ ಊಹೆ ಮಾಡುತ್ತೆ. ಹಿಂದೆ ಇನ್ನೊಬ್ಬ ಹುಡುಗಿ ನಿಂತಿದ್ರೆ ಅವಳ ಕಾಲನ್ನೂ ಸೇರಿಸ್ಕೊಳ್ಳಬಹುದು. ಹಾಗಾಗಿ ಗ್ರಾಫ್ ನೋಡೋ ಮೊದಲು ಸಾಫ್ಟ್‌ವೇರ್ ಬಿಡಿಸಿ ತೋರಿಸೋ ಅಸ್ಥಿಪಂಜರದ ವಿಡಿಯೋ ನೋಡಿ, ಎಡಗಾಲು ಬಲಗಾಲು ಅದಲುಬದಲಾಗಿದ್ರೆ ಅಲ್ಲೇ ಕಾಣ್ಸುತ್ತೆ.

ಮತ್ತೊಂದು ಉತ್ತರ: ನಿಮ್ಮ ಅಸಲು ಪ್ರಶ್ನೆಗೆ ಬರ್ತೀನಿ. ಯಾರಿಗೆ ಗಾಯ ಆಗುತ್ತೆ ಅಂತ ಹೇಳೋಕೆ ಆಗಲ್ಲ, ದಯವಿಟ್ಟು ಯಾವ ಹುಡುಗಿಗೂ ನೀನು ಹೈ ರಿಸ್ಕ್ ಅಂತ ಹೇಳ್ಬೇಡಿ. 2005ರಲ್ಲಿ ಅಮೆರಿಕದ ಒಂದು ಅಧ್ಯಯನ 205 ಆಟಗಾರ್ತಿಯರನ್ನ ನೋಡಿ, ಇಳಿಯೋವಾಗ ಮಂಡಿ ಒಳಕ್ಕೆ ಹೋಗೋ ಬಲ ಜಾಸ್ತಿ ಇದ್ದವರಿಗೆ ಎಸಿಎಲ್ ಗಾಯ ಹೆಚ್ಚು ಅಂತು, ಆದ್ರೆ ಗಾಯ ಆಗಿದ್ದೇ 9 ಜನಕ್ಕೆ. ನಾರ್ವೆಯಲ್ಲಿ 700ಕ್ಕೂ ಹೆಚ್ಚು ಆಟಗಾರ್ತಿಯರನ್ನ ಮಾರ್ಕರ್ ಹಾಕಿಯೇ ಅಳೆದು 2016ರಲ್ಲಿ ಪ್ರಕಟಿಸಿದ್ರಲ್ಲಾ, ಅದರಲ್ಲಿ ಈ ಜಿಗಿತದ ಅಳತೆಯಿಂದ ಗಾಯ ಆಗೋರನ್ನ ಆಗದೋರಿಂದ ಬೇರ್ಪಡಿಸೋಕೆ ಆಗಲಿಲ್ಲ. ಲ್ಯಾಬಿನ ಅಳತೆಗೇ ಆಗದ್ದು ಫೋನಿಗೆ ಹೇಗಾಗುತ್ತೆ ಹೇಳಿ.

ಅದರ ಮೇಲೆ ಅಳತೆಯ ತಪ್ಪೂ ಇದೆ. ಓಪನ್‌ಕ್ಯಾಪ್ ಪೇಪರಲ್ಲೇ ಕೀಲುಗಳ ಕೋನದಲ್ಲಿ ಮಾರ್ಕರ್ ಲ್ಯಾಬಿಗೆ ಹೋಲಿಸಿದ್ರೆ ಸರಾಸರಿ 4.5 ಡಿಗ್ರಿ ವ್ಯತ್ಯಾಸ ಅಂತಿದೆ. ಮಂಡಿ ಎಷ್ಟು ಮಡಚಿತು ಅನ್ನೋದು ನಂಬಬಹುದು, ಹತ್ತಾರು ಡಿಗ್ರಿ ಮಡಚುತ್ತಲ್ಲ. ಒಳಕ್ಕೆ ವಾಲೋದು, ತಿರುಚೋದು ಕೆಲವೇ ಡಿಗ್ರಿಯ ಆಟ, ಅಲ್ಲಿ 3 ಡಿಗ್ರಿ ವ್ಯತ್ಯಾಸ ಬಂದ್ರೆ ಅದು ಹುಡುಗಿಯದ್ದಾ ಕ್ಯಾಮೆರಾದ್ದಾ ಗೊತ್ತಾಗಲ್ಲ.

ಹಾಗಂತ ಫೋನ್ ಎತ್ತಿಡಿ ಅಂತಲ್ಲ, ಇದು ನಿಜಕ್ಕೂ ಒಳ್ಳೇ ಸಾಧನ. ಒಬ್ಬಳನ್ನ ಅವಳ ಜೊತೆಗೇ ಹೋಲಿಸಿ. ಟ್ರೇನಿಂಗ್ ಶುರು ಮಾಡೋ ಮೊದಲು ಬೇರೆಬೇರೆ ದಿನ ಎರಡು ಸಲ ತೆಗೀರಿ, ಏನೂ ಬದಲಾಗದೇನೇ ನಂಬರ್ ಎಷ್ಟು ಆಚೀಚೆ ಆಗುತ್ತೆ ಅಂತ ತಿಳಿಯುತ್ತೆ, ಆಮೇಲೆ ಬಂದ ಬದಲಾವಣೆ ಅದಕ್ಕಿಂತ ದೊಡ್ಡದಿದ್ರೆ ಮಾತ್ರ ನಂಬಿ. ಇಳಿಯೋದನ್ನ ಕಲಿಸೋದು, ತೊಡೆ-ಸೊಂಟ ಬಲಪಡಿಸೋದು, ಇಂಥ ವಾರ್ಮಪ್ಪನ್ನ ಇಡೀ ಟೀಮಿಗೆ ಮಾಡ್ಸಿ, ಫುಟ್‌ಬಾಲ್‌ನವರ ಫಿಫಾ 11+ ಥರ. ಅದಕ್ಕೆ ಯಾರನ್ನೂ ಆರಿಸೋ ಅಗತ್ಯಾನೇ ಇಲ್ಲ.

ಮಕ್ಕಳ ವಿಡಿಯೋ ಸರ್ವರಿಗೆ ಹೋಗುತ್ತೆ, ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲೇ ತಗೊಳ್ಳಿ.